ಅರಿಶಿನದ ಕಾಗದ, ಕೆಂಪು ಶಾಯಿ ಮತ್ತು ಹಿಂದಿನ ಪುಟದ ಪ್ರಶ್ನೆಗಳು

(ರಾಷ್ಟ್ರೀಯ ವಿಜ್ಞಾನ ದಿನದಂದು ಶಿಕ್ಷಕರು, ಪೋಷಕರು ಮತ್ತು ಪ್ರೌಢಶಾಲಾ ಮಕ್ಕಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ಇನ್ನೂ ಒಂದು ನಮಸ್ಕಾರ. ಇವತ್ತು ನಾನು ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ವಯಸ್ಸಿನ ಒಬ್ಬ ಹುಡುಗಿಯಿಂದ ನಾನು ಕಲಿತದ್ದು.

ಹತ್ತನೇ ತರಗತಿಗೆ ಆಮ್ಲ, ಪ್ರತ್ಯಾಮ್ಲ ಪಾಠ ಮಾಡುತ್ತಿದ್ದೆ. ಅರಿಶಿನ ಪುಡಿಯನ್ನು ನೀರಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು, ಒಣಗಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳಿದ್ದೆ. ಅದರ ಮೇಲೆ ಸೋಪಿನ ನೀರು ಒಂದು ಹನಿ ಬಿಟ್ಟರೆ ಹಳದಿ ಹೋಗಿ ಕೆಂಪಾಗುತ್ತದೆ. ನೀವೆಲ್ಲ ಮನೆಯಲ್ಲಿ ನೋಡಿರುತ್ತೀರಿ. ಬಿಳಿ ಅಂಗಿಯ ಮೇಲೆ ಸಾರಿನ ಕಲೆ ಬಿದ್ದು ಸೋಪು ಹಚ್ಚಿದರೆ ಕಲೆ ಕೆಂಪಗಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರೂ ಅದೇ, ಅರಿಶಿನಕ್ಕೆ ಸುಣ್ಣ ಬೆರೆಸಿದ್ದು.

ಎಲ್ಲರೂ 'ಕೆಂಪಾಯಿತು' ಅಂತ ಬರೆದರು. ಒಬ್ಬ ಹುಡುಗ ಮಾತ್ರ 'ಹಳದಿ ಸ್ವಲ್ಪ ಮಾಸಿತು' ಅಂತ ಬರೆದಿದ್ದ. ಪ್ರಯೋಗ ಮಾಡದೆ ಸುಮ್ನೆ ಬರೆದಿದ್ದಾನೆ ಅಂದುಕೊಂಡು ನಾನು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಮಾರನೇ ದಿನ ಅವನ ಪಕ್ಕದ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಅವನು ಪ್ರಯೋಗ ಮಾಡಿದ್ದಾನೆ. ನಾನೇ ಹನಿ ಬಿಟ್ಟಿದ್ದು. ಅವನಿಗೆ ಕಂಡಿದ್ದನ್ನೇ ಬರೆದಿದ್ದಾನೆ. ನಮಗೆ ಕಂಡಿದ್ದೇ ಸರಿ ಅಂತ ನೀವು ಹೇಗೆ ಹೇಳ್ತೀರಿ?"

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಆ ಹುಡುಗನನ್ನು ಆಮೇಲೆ ಕರೆದು ಕೂರಿಸಿಕೊಂಡು ಮಾತಾಡಿದೆ. ಹಿತ್ತಲಿನ ಗಿಡದಲ್ಲಿ ಯಾವ ಟೊಮೇಟೊ ಹಣ್ಣಾಗಿದೆ ಅಂತ ಅವನಿಗೆ ಅದುಮಿ ನೋಡದೆ ಗೊತ್ತಾಗುತ್ತಿರಲಿಲ್ಲ. ಕಾಯಿ, ಹಣ್ಣು ಎರಡನ್ನೂ ಕಿತ್ತು ತರುತ್ತಾನೆ, ಗಮನವಿಲ್ಲ ಅಂತ ಮನೆಯಲ್ಲಿ ಬೈಯುತ್ತಿದ್ದರಂತೆ. ಹದಿನೈದು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ, ಬೇರೆಯವರು ಹೇಗೋ ಕಂಡುಹಿಡಿಯುತ್ತಾರೆ ಅಂದುಕೊಂಡಿದ್ದ.

ಆ ಮಗುವಿಗೆ ನಾನು ಜಾನ್ ಡಾಲ್ಟನ್ ಕಥೆ ಹೇಳಿದೆ. ಪರಮಾಣು ಸಿದ್ಧಾಂತದ ಪಾಠದಲ್ಲಿ ಬರುವ ಅದೇ ಡಾಲ್ಟನ್. ಪಾಠದಲ್ಲಿ ಅವರ ಹೆಸರು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಅವರ ಕಣ್ಣಿನ ಕಥೆ ಬಹಳ ದೊಡ್ಡದು.

1792ರಲ್ಲಿ ಒಂದು ದಿನ ಡಾಲ್ಟನ್ ಮೇಣದಬತ್ತಿಯ ಬೆಳಕಲ್ಲಿ ಒಂದು ಜೆರೇನಿಯಂ ಹೂವು ನೋಡಿದರು. ಹಗಲಲ್ಲಿ ಆ ಹೂವು ಅವರಿಗೆ ಆಕಾಶದ ನೀಲಿಯಾಗಿ ಕಾಣುತ್ತಿತ್ತು. ಮೇಣದಬತ್ತಿಯ ಬೆಳಕಲ್ಲಿ ನೀಲಿ ಮಾಯವಾಗಿ ಕೆಂಪಿನ ಹಾಗೆ ಕಂಡಿತು. ಸುತ್ತ ಇದ್ದವರನ್ನು ಕೇಳಿದರೆ, ಇಲ್ಲವಲ್ಲ, ಎರಡು ಬೆಳಕಲ್ಲೂ ಅದು ಗುಲಾಬಿ ಬಣ್ಣವೇ ಅಂದರು. ತಮ್ಮ ಹಾಗೆ ಕಾಣುತ್ತಿದ್ದದ್ದು ಅವರ ಸ್ವಂತ ಸಹೋದರನಿಗೆ ಮಾತ್ರ. ಆಗ ಅವರಿಗೆ ಹೊಳೆಯಿತು: ವ್ಯತ್ಯಾಸ ಹೂವಿನದ್ದಲ್ಲ, ನಮ್ಮ ಕಣ್ಣಿನದ್ದು. 1794ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇದರ ಬಗ್ಗೆ ಪ್ರಬಂಧ ಓದಿದರು.

ಕಾರಣ ಏನಿರಬಹುದು ಅಂತಲೂ ಊಹೆ ಮಾಡಿದರು. ಕಣ್ಣುಗುಡ್ಡೆಯ ಒಳಗೆ ತುಂಬಿರುವ ದ್ರವ ತಮ್ಮ ಕಣ್ಣಲ್ಲಿ ನೀಲಿಯಾಗಿರಬೇಕು, ಅದು ಕೆಂಪು ಬೆಳಕನ್ನು ಹೀರಿಕೊಳ್ಳುತ್ತಿರಬೇಕು ಅಂತ. ಬದುಕಿರುವಾಗ ಇದನ್ನು ನೋಡುವುದು ಹೇಗೆ? ನಾನು ಸತ್ತ ಮೇಲೆ ಕಣ್ಣು ತೆಗೆದು ಪರೀಕ್ಷೆ ಮಾಡಿ ಅಂತ ಹೇಳಿಟ್ಟರು. 1844ರಲ್ಲಿ ತೀರಿಕೊಂಡರು. ವೈದ್ಯರಾದ ಜೋಸೆಫ್ ರಾನ್ಸಮ್ ಹೇಳಿದ ಹಾಗೇ ಮಾಡಿದರು. ಒಂದು ಕಣ್ಣಿನ ದ್ರವವನ್ನು ಗಾಜಿನ ಬಿಲ್ಲೆಯ ಮೇಲೆ ಸುರಿದು ನೋಡಿದರು. ತಿಳಿಯಾಗಿತ್ತು. ಇನ್ನೊಂದು ಕಣ್ಣಿನ ಹಿಂಬದಿಯಲ್ಲಿ ಸಣ್ಣ ಕಿಂಡಿ ಮಾಡಿ ಅದರ ಮೂಲಕವೇ ಕೆಂಪು, ಹಸಿರು ವಸ್ತುಗಳನ್ನು ನೋಡಿದರು. ಬಣ್ಣ ಬದಲಾಗಲಿಲ್ಲ. ಡಾಲ್ಟನ್ ಊಹೆ ತಪ್ಪಾಗಿತ್ತು.

ಆದರೆ ಆ ಕಣ್ಣನ್ನು ಎಸೆಯಲಿಲ್ಲ. 150 ವರ್ಷ ಹಾಗೇ ಇಟ್ಟರು. 1995ರಲ್ಲಿ ಅದರ ಒಂದು ಚೂರಿನಿಂದ ಡಿಎನ್‌ಎ ತೆಗೆದು ನೋಡಿದಾಗ ನಿಜವಾದ ಕಾರಣ ಸಿಕ್ಕಿತು. ನಮ್ಮ ಅಕ್ಷಿಪಟಲದಲ್ಲಿ ಬಣ್ಣ ಹಿಡಿಯುವ ಶಂಕು ಕೋಶಗಳು ಮೂರು ಬಗೆ. ಹಸಿರಿನ ಸುತ್ತಮುತ್ತಲ ಬೆಳಕನ್ನು ಚೆನ್ನಾಗಿ ಹಿಡಿಯುವ ಬಗೆಗೆ ಬೇಕಾದ ವಂಶವಾಹಿ ಡಾಲ್ಟನ್‌ರಲ್ಲಿ ಇರಲಿಲ್ಲ. ಆ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡುಮಕ್ಕಳಿಗೆ ಇರುವುದು ಒಂದೇ ಎಕ್ಸ್, ಅದಕ್ಕೇ ಈ ತೊಂದರೆ ಅವರಲ್ಲೇ ಜಾಸ್ತಿ. ನಮ್ಮ ಹುಡುಗನ ಕಥೆಯೂ ಇಂಥದ್ದೇ. ಪೋಷಕರಲ್ಲಿ ನನ್ನದೊಂದು ಕೋರಿಕೆ: ಬಣ್ಣ ಹೇಳುವಾಗ ಮಗು ತಡವರಿಸಿದರೆ ಬೈಯುವ ಮೊದಲು ಒಂದು ಸಲ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇಷ್ಟು ಹೇಳಿ ಮುಗಿಸಿ, ಉತ್ತರ ಪೂರ್ತಿ ಆಯಿತು ಅಂತ ನಾನು ಅಂದುಕೊಂಡೆ. ಹುಡುಗಿ ಒಪ್ಪಲಿಲ್ಲ. "ಅವನದ್ದು ಗೊತ್ತಾಯ್ತು ಸರ್. ನನಗೂ ನಿಮಗೂ ಮೂರೂ ಬಗೆ ಕೋಶ ಇದೆ ಅಲ್ವಾ? ಹಾಗಿದ್ರೂ ನನಗೆ ಕೆಂಪು ಕಾಣೋ ಥರಾನೇ ನಿಮಗೂ ಕಾಣುತ್ತೆ ಅಂತ ಹೇಗೆ ಗೊತ್ತು? ನಿಮಗೆ ಕೆಂಪಂತ ಕಾಣೋದು ನನಗೆ ಹಸಿರು ಅನ್ನಿಸೋದೇ ಇರಬಹುದು. ಇಬ್ಬರೂ ಅದನ್ನ ಕೆಂಪು ಅಂತಲೇ ಕಲಿತಿದ್ದೀವಿ."

ಈ ಮಾತನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ ನೋಡಿ. ಅವಳೂ ನಾನೂ ಟೊಮೇಟೊ ಸರಿಯಾಗಿ ಆರಿಸುತ್ತೇವೆ, ಸಿಗ್ನಲ್‌ನಲ್ಲಿ ಸರಿಯಾಗಿ ನಿಲ್ಲುತ್ತೇವೆ, ಅರಿಶಿನದ ಕಾಗದ ನೋಡಿ ಕೆಂಪು ಅನ್ನುತ್ತೇವೆ. ಯಾವ ಪರೀಕ್ಷೆಯಲ್ಲೂ ವ್ಯತ್ಯಾಸ ಸಿಗುವುದಿಲ್ಲ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1690ರ ಸುಮಾರಿಗೆ ಇದೇ ಪ್ರಶ್ನೆಯನ್ನು ಹೂವುಗಳನ್ನು ಇಟ್ಟುಕೊಂಡು ಕೇಳಿದ್ದರು. ನೇರಳೆ ಬಣ್ಣದ ವಯಲೆಟ್ ಹೂವು ಒಬ್ಬನ ಮನಸ್ಸಲ್ಲಿ ಮೂಡಿಸುವ ಬಣ್ಣವನ್ನೇ ಚೆಂಡುಹೂವಿನಂಥ ಹಳದಿ ಹೂವು ಇನ್ನೊಬ್ಬನ ಮನಸ್ಸಲ್ಲಿ ಮೂಡಿಸಿದರೆ? ಒಬ್ಬನ ಮನಸ್ಸು ಇನ್ನೊಬ್ಬನ ದೇಹದೊಳಗೆ ಹೋಗಿ ನೋಡಲು ಆಗುವುದಿಲ್ಲವಲ್ಲ, ಹಾಗಾಗಿ ಅದು ಎಂದೂ ಗೊತ್ತಾಗದು ಅಂದರು. ರಾನ್ಸಮ್ ಡಾಲ್ಟನ್‌ರ ಕಣ್ಣಿನ ಮೂಲಕ ನೋಡಿದರು ನಿಜ, ಆದರೆ ನೋಡಿದ್ದು ರಾನ್ಸಮ್. ಡಾಲ್ಟನ್‌ಗೆ ಹೇಗೆ ಕಾಣುತ್ತಿತ್ತು ಅನ್ನುವುದು ಆ ಕಿಂಡಿಯಲ್ಲಿ ಸಿಗಲಿಲ್ಲ.

ನಾನು ಅವಳಿಗೆ ಹೇಳಿದ್ದು ಇಷ್ಟೇ. ನಿನ್ನ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. ಒಂದನ್ನು ಕಣ್ಣು ಬಿಚ್ಚಿ ನೋಡಿ, ಡಿಎನ್‌ಎ ತೆಗೆದು ಉತ್ತರಿಸಿದ್ದಾರೆ. ಇನ್ನೊಂದನ್ನು ಅಳೆಯಲು ನಮ್ಮ ಹತ್ತಿರ ಸಾಧನ ಇಲ್ಲ, ಅದನ್ನು ತತ್ವಶಾಸ್ತ್ರದವರು ಇವತ್ತಿಗೂ ಚರ್ಚೆ ಮಾಡುತ್ತಿದ್ದಾರೆ. ಎರಡೂ ನಿನ್ನವೇ, ಎರಡನ್ನೂ ಬಿಡಬೇಡ. ಶಿಕ್ಷಕರು ಮಾಡಬೇಕಾದ ಮುಖ್ಯ ಕೆಲಸ ಇದು ಅಂತ ಈಗ ನನಗೆ ಅನ್ನಿಸುತ್ತದೆ. ಮಗುವಿನ ಪ್ರಶ್ನೆಯಲ್ಲಿ ಎಲ್ಲಿಯವರೆಗೆ ಅಳೆಯಬಹುದು, ಎಲ್ಲಿಂದಾಚೆ ಯೋಚಿಸಬೇಕು ಅಂತ ಜೊತೆಯಲ್ಲಿ ಕೂತು ಹುಡುಕುವುದು. 'ಇದು ಪರೀಕ್ಷೆಗೆ ಬರಲ್ಲ, ಕೂತ್ಕೋ' ಅಂದರೆ ಎರಡೂ ಭಾಗ ಒಟ್ಟಿಗೆ ಸತ್ತುಹೋಗುತ್ತವೆ.

ಆ ದಿನದಿಂದ ಅವಳು ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪ್ರಶ್ನೆ ಬರೆಯುವುದಕ್ಕೆ ಶುರು ಮಾಡಿದಳು. ತಿದ್ದಲು ಬಂದ ಪುಸ್ತಕಗಳಲ್ಲಿ ನಾನು ಮೊದಲು ತಿರುವುತ್ತಿದ್ದದ್ದು ಆ ಪುಟವನ್ನೇ. ಅದರಲ್ಲಿ ಎರಡನ್ನು ಹೇಳುತ್ತೇನೆ.

'ನಾಳೆ ಸೂರ್ಯ ಹುಟ್ಟುತ್ತಾನೆ ಅಂತ ಹೇಗೆ ಗೊತ್ತು?' ಇದುವರೆಗೆ ದಿನಾ ಹುಟ್ಟಿದ್ದಾನಲ್ಲ ಅನ್ನುವುದು ಸಾಕಾಗುವುದಿಲ್ಲ. ನಾರ್ವೆಯ ಟ್ರಾಮ್ಸೊ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಭೂಮಿ ವಾಲಿದ ಅಕ್ಷದ ಮೇಲೆ ತಿರುಗುತ್ತದೆ, ತಡೆಯುವವರು ಯಾರೂ ಇಲ್ಲದಿದ್ದರೆ ತಿರುಗುತ್ತಲೇ ಇರುತ್ತದೆ ಅಂದರೆ ಉತ್ತರ ಗಟ್ಟಿಯಾಗುತ್ತದೆ, ಟ್ರಾಮ್ಸೊದ ಕತ್ತಲೆಯೂ ಅದರಲ್ಲೇ ಅರ್ಥವಾಗುತ್ತದೆ. ಆದರೆ ಆ ನಿಯಮ ನಾಳೆಯೂ ಇರುತ್ತದೆ ಅಂತ ಯಾರು ಹೇಳಿದರು? ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಇದೇ ಸೂರ್ಯೋದಯದ ಉದಾಹರಣೆ ಕೊಟ್ಟು ಕೇಳಿದ್ದು ಇದನ್ನೇ.

ನಮ್ಮಲ್ಲಿ ಇದು ಇನ್ನೂ ಹಳೆಯ ಜಗಳ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇದ್ದ ಹಾಗೆ, ಅಂತ ತರ್ಕವನ್ನೇ ಮುಖ್ಯವಾಗಿ ಇಟ್ಟುಕೊಂಡ ನ್ಯಾಯದರ್ಶನದವರು ಅಂದರು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಚಾರ್ವಾಕರು ತಿರುಗಿ ಕೇಳಿದರು: ನೀನು ನೋಡಿದ್ದು ನಿನ್ನ ಅಡುಗೆಮನೆ. ನೋಡದೇ ಇರುವ ಹೊಗೆಗಳ ಗತಿ ಏನು? ಮುಂದೆ ಏಳಲಿರುವ ಹೊಗೆಗಳದ್ದು? ಊಹಿಸಿ ಹೇಳುತ್ತೇನೆ ಅಂದರೆ, ಆ ಊಹೆಗೆ ಆಧಾರವಾಗಿ ಇನ್ನೊಂದು ಊಹೆ ಬೇಕಾಗುತ್ತದೆ. 14ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ ಬರೆದ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯದಲ್ಲೇ ಈ ವಾದ ಇದೆ. ತಾವು ಒಪ್ಪದವರ ಮಾತನ್ನೂ ಆ ಗ್ರಂಥ ಬರೆದವರು ಇಷ್ಟು ಚೆನ್ನಾಗಿ ಬರೆದಿಟ್ಟಿದ್ದಾರಲ್ಲ, ಅದಕ್ಕೆ ನನಗೆ ಬಹಳ ಗೌರವ.

ನ್ಯಾಯದರ್ಶನದ ಕಡೆಯಿಂದ ಉದಯನಾಚಾರ್ಯರು ಕೊಟ್ಟ ಉತ್ತರ, ಆಮೇಲೆ ಬಂದ ಗಂಗೇಶರು ಬಿಡಿಸಿ ಹೇಳಿದ ಹಾಗೆ, ಹೀಗಿದೆ: ಸಂಶಯಕ್ಕೂ ಒಂದು ಗಡಿ ಇದೆ. ಹೊಗೆ ಬೇಕಾದಾಗ ನೀನೂ ಬೆಂಕಿ ಹಚ್ಚುತ್ತೀಯ, ಹಸಿವಾದಾಗ ಊಟ ಮಾಡುತ್ತೀಯ. ಮಾಡುವ ಕೆಲಸಕ್ಕೇ ವಿರುದ್ಧವಾದ ಸಂಶಯ ಅಲ್ಲಿಗೆ ನಿಲ್ಲುತ್ತದೆ. ಹ್ಯೂಮ್‌ಗೂ ಜನ ಇಂಥದ್ದೇ ಹೇಳಬಹುದಿತ್ತು, ಅದಕ್ಕೆ ಅವರು ಮೊದಲೇ ಉತ್ತರ ಬರೆದಿಟ್ಟರು. ಬದುಕು ನಡೆಸುವವನಾಗಿ ನನಗೆ ತಕರಾರಿಲ್ಲ, ಕುತೂಹಲ ಇರುವವನಾಗಿ ಕಾರಣ ಕೇಳುತ್ತಿದ್ದೇನೆ ಅನ್ನುವ ಅರ್ಥದಲ್ಲಿ. ನಾನು ಇದನ್ನೆಲ್ಲ ಹೇಳಿದಾಗ ನಮ್ಮ ಹುಡುಗಿ ಕೇಳಿದ್ದು: "ಹಾಗಾದ್ರೆ ಉದಯನಾಚಾರ್ಯರು ಉತ್ತರ ಕೊಟ್ಟಿಲ್ಲ, ಸುಮ್ಮನಿರಿಸಿದ್ದಾರೆ ಅಷ್ಟೆ, ಅಲ್ವಾ ಸರ್?" ಹ್ಯೂಮ್ ಓದದ ಮಗು ಹ್ಯೂಮ್ ಕಡೆ ನಿಂತುಕೊಂಡಿತ್ತು. ನಾನು ಉದಯನರ ಕಡೆಯವನು. ಆ ಚರ್ಚೆ ನಮ್ಮಿಬ್ಬರ ನಡುವೆ ಇನ್ನೂ ನಡೆಯುತ್ತಿದೆ.

ಇನ್ನೊಂದು ಪ್ರಶ್ನೆ: 'ಸೂರ್ಯ ಈಗ ಇದ್ದಾನಾ?' ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರ, ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಭಾಗಿಸಿದರೆ 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು. ನಾವು ನೋಡುವುದು ಅಷ್ಟು ಹೊತ್ತಿನ ಹಿಂದಿನ ಸೂರ್ಯನನ್ನು. ಬೆಳಕಿಗೂ ಸಮಯ ಬೇಕು ಅಂತ ಮೊದಲು ಲೆಕ್ಕ ಸಮೇತ ತೋರಿಸಿದವರು ಡೆನ್ಮಾರ್ಕಿನ ಖಗೋಳಜ್ಞ ಓಲೆ ರೋಮರ್, 1676ರಲ್ಲಿ, ಪ್ಯಾರಿಸ್‌ನಲ್ಲಿ. ಗುರುಗ್ರಹದ ಚಂದ್ರ ಅಯೋ ಸುಮಾರು ನಲವತ್ತೆರಡೂವರೆ ಗಂಟೆಗೊಮ್ಮೆ ಗುರುವಿನ ನೆರಳಿಗೆ ಹೋಗಿ ಬರುತ್ತದೆ. ಭೂಮಿ ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಅದು ಹೊರಬರುವುದು ತಡವಾಗಿ ಕಾಣುತ್ತಿತ್ತು. ಅಯೋ ತಡಮಾಡುತ್ತಿಲ್ಲ, ಅದರ ಬೆಳಕು ಜಾಸ್ತಿ ದೂರ ಬರಬೇಕಾಗಿದೆ ಅಂದರು ರೋಮರ್.

ಈಗ ಫೆಬ್ರವರಿ ಕೊನೆ. ಇವತ್ತು ರಾತ್ರಿ ಊಟ ಆದ ಮೇಲೆ ಹೊರಗೆ ಬಂದು ದಕ್ಷಿಣಕ್ಕೆ ತಲೆ ಎತ್ತಿದರೆ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರವಾಗಿ ಲುಬ್ಧಕ ಕಾಣುತ್ತದೆ. ಅದು ಸುಮಾರು 8.6 ಜ್ಯೋತಿರ್ವರ್ಷ ದೂರ, ಅಂದರೆ ಅದರ ಬೆಳಕು ನಮ್ಮನ್ನು ಮುಟ್ಟಲು ಅಷ್ಟು ವರ್ಷ ಬೇಕು. ಹತ್ತನೇ ತರಗತಿಯ ಮಕ್ಕಳೇ, ಇವತ್ತು ನಿಮ್ಮ ಕಣ್ಣಿಗೆ ಬೀಳುವ ಆ ಬೆಳಕು ಹೊರಟಾಗ ನೀವು ಒಂದನೇ ತರಗತಿಯ ಆಸುಪಾಸಿನಲ್ಲಿ ಇದ್ದಿರಿ.

ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. "ಹಾಗಾದ್ರೆ 'ಈಗ' ಅಂದ್ರೆ ಯಾರ ಈಗ ಸರ್?"

ಈ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. 1905ರಲ್ಲಿ ಐನ್‌ಸ್ಟೈನ್ ಎತ್ತಿಕೊಂಡದ್ದು ಹೆಚ್ಚುಕಡಿಮೆ ಇದೇ ಎಳೆಯನ್ನು. ದೂರದ ಎರಡು ಜಾಗಗಳಲ್ಲಿ ಎರಡು ಘಟನೆ ಒಂದೇ ಹೊತ್ತಿಗೆ ಆದವು ಅನ್ನುವುದಕ್ಕೆ ಅರ್ಥ ಏನು? ಒಬ್ಬರಿಗೆ ಒಟ್ಟಿಗೇ ಆದ ಘಟನೆಗಳು, ಅವರ ಎದುರು ವೇಗವಾಗಿ ಸಾಗುತ್ತಿರುವ ಇನ್ನೊಬ್ಬರಿಗೆ ಹಿಂದೆ ಮುಂದೆ ಆಗಿರಬಹುದು ಅಂತ ಅವರು ತೋರಿಸಿದರು. ಬರೀ ತತ್ವಶಾಸ್ತ್ರದ್ದು ಅನ್ನಿಸುವ ಪ್ರಶ್ನೆ ಭೌತಶಾಸ್ತ್ರವಾಗಿಬಿಟ್ಟಿತು. ಅದರ ಬೇರು ಅವರ ಶಾಲೆಯ ದಿನಗಳಲ್ಲೇ ಇದೆ. ಜ್ಯೂರಿಕ್‌ನ ತಾಂತ್ರಿಕ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗದೆ, ಸ್ವಿಟ್ಜರ್ಲೆಂಡಿನ ಆರಾವ್ ಅನ್ನುವ ಊರಿನ ಶಾಲೆಗೆ ಸೇರಿದ್ದ ಹದಿನಾರರ ಹುಡುಗ, ಬೆಳಕಿನ ಹಿಂದೆ ಬೆಳಕಿನ ವೇಗದಲ್ಲೇ ಓಡಿದರೆ ನನಗೆ ಏನು ಕಾಣುತ್ತದೆ ಅಂತ ಕೇಳಿಕೊಂಡಿದ್ದ. ಉತ್ತರಕ್ಕೆ ಹತ್ತು ವರ್ಷ ಹಿಡಿಯಿತು. ಆ ನಡುವೆ ಬರ್ನ್ ಊರಿನ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಾ, ಇಬ್ಬರು ಗೆಳೆಯರ ಜೊತೆ ಕೂತು ಅವರು ಓದಿದ ಪುಸ್ತಕಗಳಲ್ಲಿ ಹ್ಯೂಮ್ ಕೂಡ ಇದ್ದರು. ನಾಳೆಯ ಸೂರ್ಯನ ಬಗ್ಗೆ ಕೇಳಿದ ಅದೇ ಹ್ಯೂಮ್. ಆ ಓದಿನಿಂದ ತಮಗೆ ಸಹಾಯವಾಯಿತು ಅಂತ ಐನ್‌ಸ್ಟೈನ್ ಅವರೇ ಆಮೇಲೆ ಬರೆದಿದ್ದಾರೆ.

ಆ ಹುಡುಗನ ನೋಟ್‌ಬುಕ್ಕಿನಲ್ಲಿ ನಾನು ಹಾಕಿದ್ದ ತಪ್ಪಿನ ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಸರಿಯಾಗಿ ಗಮನಿಸಿದ್ದೀಯ' ಅಂತ ಬರೆದು ಸಹಿ ಮಾಡಿದೆ. ಈ ಸಲ ನೀಲಿ ಶಾಯಿಯಲ್ಲಿ, ಅವನಿಗೆ ಚೆನ್ನಾಗಿ ಕಾಣಲಿ ಅಂತ. ಹುಡುಗಿಯ ಹಿಂದಿನ ಪುಟದಲ್ಲಿ ಕಳೆದ ವಾರ ಹೊಸದೊಂದು ಪ್ರಶ್ನೆ ಬಂದಿದೆ: 'ಎಲ್ಲರೂ ಬಾಗಿಲು ಹಾಕಿಕೊಂಡು ಮನೆಗೆ ಹೋದ ಮೇಲೆ, ಲ್ಯಾಬಿನ ಕತ್ತಲೆಯಲ್ಲಿ ಅರಿಶಿನದ ಕಾಗದ ಕೆಂಪಾಗೇ ಇರುತ್ತಾ?' ಅದರ ಕೆಳಗೆ ನಾನು ಇನ್ನೂ ಏನೂ ಬರೆದಿಲ್ಲ.

ಬಾಗಿಲ ಹತ್ತಿರದ ಮೇಜಿನ ಮೇಲೆ ಅರಿಶಿನದ ಪಟ್ಟಿಗಳು, ಒಂದು ಬಟ್ಟಲು ಸೋಪಿನ ನೀರು, ಖಾಲಿ ಹಾಳೆಗಳು ಇವೆ. ಹೋಗುವ ಮುಂಚೆ ಒಂದೊಂದು ಹನಿ ಬಿಟ್ಟು ನೋಡಿ. ಪಕ್ಕದವರ ಹಾಳೆ ನೋಡದೆ, ನಿಮಗೆ ಏನು ಕಂಡಿತೋ ಅದನ್ನು ನಿಮ್ಮ ಮಾತಲ್ಲೇ ಬರೆದಿಟ್ಟು ಹೋಗಿ. ಹಾಳೆ ತಿರುಗಿಸಿದರೆ ಹಿಂದೆಯೂ ಜಾಗ ಇದೆ.