ಎಷ್ಟು ಕೈ ದಾಟಬೇಕು?

ಗೆಳೆಯರೇ,

ಚಿತ್ರ ಬರೆಯುವುದನ್ನು ಕಲಿಸುವವರು ಬಹಳ ಮಂದಿ ಇದ್ದಾರೆ. ಬರೆದದ್ದನ್ನು ಕಟ್ಟಿ ಕಳುಹಿಸುವುದನ್ನು ಕಲಿಸುವವರು ಕಡಿಮೆ. ನನಗೆ ಅದನ್ನು ಕಲಿಸಿದ್ದು ಒಂದು ಹಳೆಯ ಮೈಸೂರು ಶೈಲಿಯ ಪಟ. ಪರಿಚಯದ ಅಜ್ಜಿಯೊಬ್ಬರ ಮನೆಯ ರಾಜರಾಜೇಶ್ವರಿ. ಗಾಜು ಒಡೆದಿತ್ತು, ಬೆಂಗಳೂರಿನಲ್ಲಿ ಹೊಸದು ಹಾಕಿಸಬೇಕಿತ್ತು. ಬಬಲ್ ಹಾಳೆಯನ್ನು ಮೂರು ಸುತ್ತು ಬಿಗಿಯಾಗಿ ಸುತ್ತಿ, ಕಾರಿನ ಡಿಕ್ಕಿಯಲ್ಲಿ ಮಲಗಿಸಿ, ಮೇಲೊಂದು ಚೀಲವನ್ನೂ ಇಟ್ಟೆ. ಬಿಚ್ಚಿದಾಗ ದೇವಿಯ ಕಿರೀಟದಿಂದ ಮಕ್ಕಿ ಸಫೇದದ, ಅಂದರೆ ಚಿನ್ನದ ಕೆಳಗೆ ಉಬ್ಬಿಸಿ ಹಚ್ಚುವ ಲೇಪದ, ಚೂರೊಂದು ಚಿನ್ನದ ರೇಕಿನ ಸಮೇತ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂತು. ಅಜ್ಜಿ ಏನೂ ಅನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಸುತ್ತು ಕಡಿಮೆಯಾಗಿ ಆದ ಹಾನಿಯಲ್ಲ ಅದು. ಉಬ್ಬು ಕೆಲಸದ ಮೈಯನ್ನು ಏನೂ ಮುಟ್ಟಬಾರದಿತ್ತು. ಚೌಕಟ್ಟಿನ ಅಂಚನ್ನಷ್ಟೇ ಹಿಡಿಯುವ ಒಂದು ತೆಳು ಪೆಟ್ಟಿಗೆ ಸಾಕಿತ್ತು.

ಹಾಗಾಗಿ ಪಟದ ಬೆಲೆ ಎಷ್ಟೆಂದು ಆಮೇಲೆ ಕೇಳಿ. ಅದರ ದುರ್ಬಲ ಜಾಗ ಯಾವುದು, ದಾರಿಯಲ್ಲಿ ಎಷ್ಟು ಕೈ ದಾಟುತ್ತದೆ ಎಂದು ಮೊದಲು ಕೇಳಿ. ಗಾಜು ಹಾಕಿದ ಪಟವನ್ನು ನೀವೇ ಕಾರಿನಲ್ಲಿ ಒಯ್ಯುವುದಾದರೆ ಮೂಲೆಗಳಿಗೆ ರಟ್ಟು, ಮೇಲೊಂದು ಕಂಬಳಿ, ಗಾಜಿಗೆ ಅಡ್ಡಡ್ಡ ಟೇಪು ಸಾಕು. ಗಾಜಿನ ಬದಲು ಅಕ್ರಿಲಿಕ್ ಇದ್ದರೆ ಟೇಪು ಬೇಡ, ಕಲೆ ಉಳಿಯುತ್ತದೆ. ಪಟವನ್ನು ಮಲಗಿಸದೆ ನಿಲ್ಲಿಸಿ.

ಪಾರ್ಸೆಲ್ ಮಾತು ಬೇರೆ. ಅಲ್ಲಿ ನಮ್ಮ ಊಹೆ ತಲೆಕೆಳಗಾಗುತ್ತದೆ. ಭಾರದ ಪೆಟ್ಟಿಗೆಯನ್ನು ಇಬ್ಬರು ಹಿಡಿದು ಮೆಲ್ಲಗೆ ಇಳಿಸುತ್ತಾರೆ. ಅಂಗೈಯಗಲದ ಹಗುರ ಪೊಟ್ಟಣವನ್ನು ಎಸೆಯುತ್ತಾರೆ. ದುರುದ್ದೇಶದಿಂದಲ್ಲ, ಎಸೆಯಲು ಬರುತ್ತದೆ ಎಂದು. ಆದ್ದರಿಂದ ಚಿಕ್ಕ ಚಿತ್ರಕ್ಕೇ ಹೆಚ್ಚು ಎತ್ತರದಿಂದ ಬೀಳುವ ಭಯ, ಅದಕ್ಕೇ ದಪ್ಪ ಫೋಮ್ ಬೇಕು. ಆ ಫೋಮ್ ತೀರ ಮೆತ್ತಗಿದ್ದರೆ ಬಿದ್ದ ಏಟಿಗೆ ಪೂರ್ತಿ ಕುಸಿದು ಚಿತ್ರ ಹಲಗೆಗೆ ತಾಗುತ್ತದೆ. ತೀರ ಗಟ್ಟಿಯಿದ್ದರೆ ಪೆಟ್ಟನ್ನೆಲ್ಲ ಚಿತ್ರಕ್ಕೇ ದಾಟಿಸುತ್ತದೆ. ಚಿತ್ರದ ತೂಕ ನೋಡಿ ಆರಿಸಬೇಕು.

ವಿದೇಶಕ್ಕೆ ಹೋಗುವುದಕ್ಕೆ ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಫೋಮ್. ಮರದಿಂದ ನೇರ ಕೊಯ್ದ ಹಲಗೆ ಬಳಸಿದರೆ ಅದರ ತಿರುಳೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದು ಮುದ್ರೆ ಬಿದ್ದಿರಬೇಕು, ಹುಳುಗಳ ಕಾರಣಕ್ಕೆ. ಪ್ಲೈವುಡ್ಡಿಗೆ ಆ ಗೊಡವೆಯಿಲ್ಲ. ಅಜ್ಜಿಯ ಪಟದಂತಹದ್ದು ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತೆಯೇ ಇಲ್ಲ. ಪೆಟ್ಟಿಗೆಯ ಖರ್ಚೂ ಉಳಿಯಿತು!

ಪೆಟ್ಟಿಗೆ ಊರು ಮುಟ್ಟಿದ ಮೇಲೆ ತಾಳ್ಮೆ ಬೇಕು. ತಣ್ಣನೆಯ ಊರಿನಿಂದ ಮಂಗಳೂರಿನ ಮಳೆಗಾಲಕ್ಕೆ ಬಂದ ಪೆಟ್ಟಿಗೆಯನ್ನು ಒಂದು ದಿನ ತೆರೆಯದೆ ಬಿಡಿ. ಇಲ್ಲವಾದರೆ ತಂಪಾದ ಚಿತ್ರದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ.

ರಾಜರಾಜೇಶ್ವರಿಯ ಕಿರೀಟ ರಿಪೇರಿಯಾಗಿ ಮೈಸೂರಿಗೆ ಮರಳಿದ್ದು ಬಡಗಿ ಮಾಡಿಕೊಟ್ಟ ಪ್ಲೈವುಡ್ ಪೆಟ್ಟಿಗೆಯಲ್ಲಿ. ಮುಚ್ಚಳಕ್ಕೆ ಮೊಳೆ ಹೊಡೆಯಲು ಬಿಡಲಿಲ್ಲ, ಸುತ್ತಿಗೆಯ ಏಟೂ ಪೆಟ್ಟೇ ತಾನೆ. ತಿರುಪು ಹಾಕಿಸಿ, ಪ್ರತಿಯೊಂದರ ಸುತ್ತ ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಅಜ್ಜಿಯ ಮೊಮ್ಮಗನ ಕೈಗೆ ತಿರುಪುಳಿಯನ್ನೂ ಕೊಟ್ಟು ಬಂದೆ.