ಹಳೆಯ ಗಿಟಾರಿಗೆ ಹೊಸ ಪಿಕಪ್

ಕೇಳುಗ ಬಂಧುಗಳೇ, ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿಯ ಕಡೆ ಮದುವೆಯ ಆರ್ಕೆಸ್ಟ್ರಾಗಳಲ್ಲಿ, ಚರ್ಚಿನ ಗಾಯನವೃಂದಗಳಲ್ಲಿ, ಜಾತ್ರೆಯ ವೇದಿಕೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ನುಡಿದ ಎಲೆಕ್ಟ್ರಿಕ್ ಗಿಟಾರುಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿವೆ. ಅಂಥದ್ದೊಂದನ್ನು ಹೊರತೆಗೆದು ಆಂಪ್ಲಿಫೈಯರಿಗೆ ಜೋಡಿಸಿದಾಗ ದನಿ ಮಂಕಾಗಿ ಬಂದರೆ, ಪಿಕಪ್ ಬದಲಿಸಿ ಎಂಬ ಸಲಹೆ ಕೂಡಲೇ ಸಿಗುತ್ತದೆ. ಆ ಸಲಹೆಯನ್ನು ಒಪ್ಪುವ ಮೊದಲು ಏನನ್ನು ಪರೀಕ್ಷಿಸಬೇಕು, ಬದಲಿಸುವುದೇ ಆದರೆ ಯಾವುದನ್ನು ಆರಿಸಬೇಕು ಎಂಬುದೇ ಈ ಹೊತ್ತಿನ ನನ್ನ ಮಾತು.

ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ತಂತಿ. ಗಿಟಾರಿನ ಉಕ್ಕಿನ ತಂತಿ ಆ ಅಯಸ್ಕಾಂತದ ಎದುರು ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಸಾಮಾನ್ಯವಾಗಿ ಬಳಸುವ ತಾಮ್ರದ ತಂತಿಯ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಆರು ಪಾಲಿನಷ್ಟು, ಅಂದರೆ ಹೆಚ್ಚುಕಡಿಮೆ ತಲೆಗೂದಲಿನಷ್ಟು. ಪಂಪ್‌ಸೆಟ್ ಮೋಟರು ಸುತ್ತುವ ಅಂಗಡಿಗೆ ಇದನ್ನು ಒಯ್ದರೆ ಅವರು ಕೈ ಹಚ್ಚಲು ಹಿಂಜರಿಯುವುದು ಸಹಜವೇ ಆಗಿದೆ.

ವಯಸ್ಸಾದ ಮಾತ್ರಕ್ಕೆ ಪಿಕಪ್ಪಿನ ಅಯಸ್ಕಾಂತ ಸೋತುಹೋಗುವುದು ಬಹಳ ಕಡಿಮೆ. ಸೋಲುವುದು ಹೆಚ್ಚಾಗಿ ಅದರ ಸುತ್ತಲಿನ ಭಾಗಗಳು: ಧೂಳು ತುಂಬಿದ ವಾಲ್ಯೂಮ್ ಪಾಟ್ (ದನಿ ಹೆಚ್ಚುಕಡಿಮೆ ಮಾಡುವ ಗುಬ್ಬಿಯ ಕೆಳಗಿನ ಭಾಗ), ಸಡಿಲಾದ ಜಾಕ್ (ಕೇಬಲ್ ಚುಚ್ಚುವ ಕಿಂಡಿ), ಬಿರುಕು ಬಿಟ್ಟ ಬೆಸುಗೆ, ತುಕ್ಕು ಹಿಡಿದ ತಂತಿಗಳು. ಆದ್ದರಿಂದ ಮೊದಲು ಹೊಸ ತಂತಿ ಹಾಕಿ, ಜಾಕ್ ಬಿಗಿಗೊಳಿಸಿ, ಪಾಟುಗಳನ್ನು ಸ್ವಚ್ಛಗೊಳಿಸಿ. ಬಳಿಕ ಪಿಕಪ್ಪಿನ ಎತ್ತರ ನೋಡಿ. ಕೊನೆಯ ಫ್ರೆಟ್ಟಿನಲ್ಲಿ, ಅಂದರೆ ಕತ್ತಿನ ಮೇಲಿನ ಲೋಹದ ಪಟ್ಟಿಗಳಲ್ಲಿ ಪಿಕಪ್ಪಿಗೆ ಹತ್ತಿರದ ಕೊನೆಯದರಲ್ಲಿ, ತಂತಿಯನ್ನು ಒತ್ತಿ ಹಿಡಿದಾಗ ಪಿಕಪ್ಪಿಗೂ ತಂತಿಗೂ ನಡುವೆ ಎರಡು ಮಿಲಿಮೀಟರಿನಷ್ಟು ಜಾಗವಿದ್ದರೆ ಶುರುವಿಗೆ ಸಾಕು. ಬಹಳ ಕೆಳಗಿಳಿದಿದ್ದರೆ ದನಿ ಕ್ಷೀಣವಾಗುತ್ತದೆ. ಬಹಳ ಮೇಲೆದ್ದಿದ್ದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ಅಲುಗಾಡುವಂತೆ ಮಾಡುತ್ತದೆ. ಎರಡು ಸ್ಕ್ರೂ ತಿರುಗಿಸುವುದರಿಂದ ಸರಿಹೋಗುವ ದೋಷಕ್ಕೆ ಸಾವಿರಾರು ರೂಪಾಯಿ ಸುರಿದವರನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಮಾಡಿದ ಮೇಲೂ ದನಿ ಬಾರದಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಇಪ್ಪತ್ತು ಕಿಲೊ ಓಮ್ ಶ್ರೇಣಿಯಲ್ಲಿ ಸುರುಳಿಯ ರೋಧವನ್ನು, ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆಯನ್ನು, ಅಳೆದರೆ ಹಳೆಯ ಮಾದರಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಸುಮಾರು 5.5ರಿಂದ 6.5 ಕಿಲೊ ಓಮ್, ಹಂಬಕ್ಕರ್ ಎಂಬ ಎರಡು ಸುರುಳಿಯ ಪಿಕಪ್ ಸುಮಾರು 7.5ರಿಂದ 8.5 ಕಿಲೊ ಓಮ್ ತೋರಿಸುತ್ತದೆ. ಮೀಟರು ಏನನ್ನೂ ತೋರದಿದ್ದರೆ ಸುರುಳಿ ಎಲ್ಲೋ ತುಂಡಾಗಿದೆ. ಇಲ್ಲಿ ನಮ್ಮ ಊರಿಗೇ ಸಲ್ಲುವ ಒಂದು ಮಾತಿದೆ. ಬಿಸಿಯಾದ ತಾಮ್ರದ ರೋಧ ಹೆಚ್ಚುತ್ತದೆ, ಒಂದು ಡಿಗ್ರಿಗೆ ಶೇಕಡಾ 0.39ರಷ್ಟು. ಇಪ್ಪತ್ತು ಡಿಗ್ರಿಯಲ್ಲಿ 7.5 ಇರುವ ಪಿಕಪ್ ಮೇ ತಿಂಗಳ ನಲವತ್ತು ಡಿಗ್ರಿಯ ಕಲಬುರಗಿಯ ಮಧ್ಯಾಹ್ನದಲ್ಲಿ 8.1ರ ಹತ್ತಿರ ತೋರುತ್ತದೆ. ಅಂಗಡಿಯವರು ಬೇರೆ ಸರಕು ಕೊಟ್ಟರೆಂದು ಜಗಳಕ್ಕೆ ಹೋಗುವ ಮುಂಚೆ ಇದು ನೆನಪಿರಲಿ.

ಈ ಅಂಕಿಯ ವಿಷಯದಲ್ಲಿ ಇನ್ನೂ ದೊಡ್ಡದೊಂದು ತಪ್ಪು ತಿಳಿವಳಿಕೆಯಿದೆ. ಕಿಲೊ ಓಮ್ ಹೆಚ್ಚಿದ್ದಷ್ಟೂ ಪಿಕಪ್ ಜೋರು, ಜೋರಿದ್ದಷ್ಟೂ ಒಳ್ಳೆಯದು ಎಂದು ಅನೇಕರು ನಂಬಿದ್ದಾರೆ. ಸುರುಳಿಯ ತಾಮ್ರದ ತಂತಿ ಇನ್ನೂ ತೆಳುವಾಗಿದ್ದರೆ ಸುತ್ತುಗಳು ಅಷ್ಟೇ ಇದ್ದರೂ ರೋಧ ಏರುತ್ತದೆ. ಹಾಗಾಗಿ ಬರಿಯ ಅಂಕಿ ದನಿಯ ಗುಣವನ್ನು ಹೇಳಲಾರದು. ಸುತ್ತುಗಳೇ ಹೆಚ್ಚಾದರೆ ಸಂಕೇತವೇನೋ ಬಲವಾಗುತ್ತದೆ, ಆದರೆ ತಾರಸ್ವರದ ಹೊಳಪು ತಗ್ಗಿ ನಡುದನಿ ದಪ್ಪವಾಗುತ್ತದೆ.

ಈ ಪಾಠವನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಕೋಲ್ಕತ್ತದಲ್ಲಿ ತಯಾರಾದ ಹಳೆಯ ಗಿಟಾರೊಂದು ನನ್ನಲ್ಲಿತ್ತು. ಬ್ರಿಜ್ ಬದಿಯ, ಅಂದರೆ ತಂತಿಗಳು ಗಿಟಾರಿನ ಒಡಲಿನ ಮೇಲೆ ಕೂರುವ ತುದಿಯ ಬಳಿಯ, ಅದರ ಪಿಕಪ್ ದನಿ ಬಿಟ್ಟು ಬಿಟ್ಟು ಬರುತ್ತಿದೆ ಎಂದು ರಿಪೇರಿಗೆ ಕೊಟ್ಟಾಗ, ಅಂಗಡಿಯವರು ಪಿಕಪ್ ಹೋಗಿದೆ ಎಂದು ಹೇಳಿ ಸೆರಾಮಿಕ್ ಅಯಸ್ಕಾಂತದ, ಹದಿನೈದು ಕಿಲೊ ಓಮಿನ ಹಂಬಕ್ಕರ್ ಕೂರಿಸಿಕೊಟ್ಟರು. ಆರ್ಕೆಸ್ಟ್ರಾದ ಅಬ್ಬರದ ಹಾಡುಗಳಿಗೆ ಅದು ಒದಗಿತು. ಆದರೆ ನನ್ನ ಹೆಚ್ಚಿನ ಕೆಲಸ ವಚನ ಗಾಯನಕ್ಕೆ ಸಾಥಿ ಕೊಡುವುದು. ಅಲ್ಲಿ ಹಾಡುವವರ ಉಸಿರಿನ ಹಿಂದೆ ಮೆಲ್ಲಗೆ ಜಾರುವ ಮೀಂಡ್ ಕೇಳಬೇಕು, ಬೆರಳು ಹಗುರವಾದಾಗ ದನಿಯೂ ಹಗುರವಾಗಬೇಕು. ಆ ಪಿಕಪ್ಪಿನಲ್ಲಿ ಮೆಲ್ಲಗೆ ಮೀಟಿದರೂ ಗಟ್ಟಿಯಾಗಿ ಮೀಟಿದರೂ ದನಿ ಹೆಚ್ಚುಕಡಿಮೆ ಒಂದೇ ತೆರನಾಗಿ ಬರುತ್ತಿತ್ತು. ನೆಕ್ ಬದಿಯಲ್ಲಿ, ಅಂದರೆ ಕತ್ತಿನ ಬಳಿ, ಇದ್ದ ಹಳೆಯ ಪಿಕಪ್ ಅದರ ಮುಂದೆ ಸತ್ತಂತೆ ಕೇಳುತ್ತಿತ್ತು.

ಆದ್ದರಿಂದ ಆಯ್ಕೆಗೆ ಮುನ್ನ ನಿಮ್ಮ ಗಿಟಾರಿನಲ್ಲಿ ಏನು ಕೊರತೆಯಿದೆ ಎಂಬುದಕ್ಕೆ ಹೆಸರಿಡಿ. ಆಂಪ್ಲಿಫೈಯರಿಲ್ಲದೆ ನುಡಿಸಿ, ಕಿವಿಯನ್ನು ಮರಕ್ಕೆ ಆನಿಸಿ ಕೇಳಿ. ಮರದ ದನಿಯೇ ಚುರುಕಾಗಿದ್ದರೆ ಆಲ್ನಿಕೊ ಎರಡನೆಯ ದರ್ಜೆಯ ಅಯಸ್ಕಾಂತದ ಮೃದುತನ ಅದಕ್ಕೆ ಹೊಂದುತ್ತದೆ. ಮರ ಮಂಕಾಗಿದ್ದರೆ ಆಲ್ನಿಕೊ ಐದು ಸ್ಪಷ್ಟತೆಯನ್ನು ತಂದುಕೊಡುತ್ತದೆ. ಆಲ್ನಿಕೊ ಎಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಕಬ್ಬಿಣದ ಮಿಶ್ರಲೋಹ. ಸೆರಾಮಿಕ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಒರಟು ದನಿಯ ಹಾಡುಗಳಿಗೆ ಅದೇ ಬೇಕು. ಆದರೆ ವಚನಕ್ಕೆ, ಭಾವಗೀತೆಗೆ, ಚರ್ಚಿನ ಸ್ತುತಿಗೀತೆಗೆ ಕಡಿಮೆ ಸುತ್ತಿನ ಆಲ್ನಿಕೊ ಪಿಕಪ್ಪೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಗುಂಯ್‌ಗುಡುವ ಸಮಸ್ಯೆ. ಸಿಂಗಲ್ ಕಾಯಿಲ್ ಪಿಕಪ್ ತಂತಿಯ ಕಂಪನದ ಜೊತೆಗೆ ಸುತ್ತಲಿನ ಐವತ್ತು ಹರ್ಟ್ಸ್ ವಿದ್ಯುತ್ತಿನ ಗುಂಯ್ ಎಂಬ ಸದ್ದನ್ನೂ ಹೀರಿಕೊಳ್ಳುತ್ತದೆ. ಇದನ್ನು ತಡೆಯಲು ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಅವುಗಳ ಅಯಸ್ಕಾಂತದ ಧ್ರುವಗಳನ್ನೂ ತಿರುವುಮುರುವು ಮಾಡಿದರು; ಆಗ ತಂತಿಯ ಸಂಕೇತಗಳು ಕೂಡುತ್ತವೆ, ಗುಂಯ್ ಸದ್ದು ಮಾತ್ರ ಒಂದನ್ನೊಂದು ಅಳಿಸುತ್ತದೆ. 1955ರಲ್ಲಿ ಅರ್ಜಿ ಸಲ್ಲಿಸಿದ ಇದಕ್ಕೆ ಪೇಟೆಂಟ್ ದೊರೆತದ್ದು 1959ರಲ್ಲಿ. ಬೇಸಿಗೆಯಲ್ಲಿ ಫ್ಯಾನು, ಕೂಲರುಗಳಿಲ್ಲದೆ ಕುಳಿತುಕೊಳ್ಳಲಾಗದ ನಮ್ಮ ಸಭಾಂಗಣಗಳಲ್ಲಿ ಹಂಬಕ್ಕರಿನ ಈ ಗುಣಕ್ಕೆ ಬೆಲೆಯಿದೆ. ಆದರೂ ಮೊದಲು ಅರ್ಥಿಂಗ್ ನೋಡಿಸಿ. ನಮ್ಮ ಕರಿಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ರೋಧ ಏರುತ್ತದೆ. ನೀರು ಹಾಕಿ ಅದನ್ನು ತೇವವಾಗಿಡದಿದ್ದರೆ ಎಂಥ ಪಿಕಪ್ ತಂದರೂ ಸದ್ದು ಪೂರ್ತಿ ಹೋಗದಿರಬಹುದು. ಇದು ಪ್ರಾಣರಕ್ಷಣೆಯ ಪ್ರಶ್ನೆಯೂ ಹೌದು, ಏಕೆಂದರೆ ಗಿಟಾರಿನ ತಂತಿಗಳು ನೇರವಾಗಿ ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತವೆ.

ಕೊಳ್ಳುವ ಮುನ್ನ ಅಳತೆ ತೆಗೆದುಕೊಳ್ಳಿ. ಮೊದಲನೆಯ ಮತ್ತು ಆರನೆಯ ತಂತಿಗಳ ನಡುವಿನ ಅಂತರವನ್ನು ಪಿಕಪ್ ಕೂರುವ ಜಾಗದ ಮೇಲೆಯೇ ಅಳೆಯಬೇಕು. ಪಿಕಪ್ಪಿನಲ್ಲಿ ಒಂದೊಂದು ತಂತಿಯ ಕೆಳಗೂ ಒಂದೊಂದು ಲೋಹದ ಕಂಬವಿರುತ್ತದೆ; ಗಿಬ್ಸನ್ ಮಾದರಿಯಲ್ಲಿ ಮೊದಲ ಮತ್ತು ಕೊನೆಯ ಕಂಬಗಳ ನಡುವೆ ಸುಮಾರು 50 ಮಿಲಿಮೀಟರ್, ಫೆಂಡರ್ ಮಾದರಿಯ ಬ್ರಿಜ್ಜಿಗೆ 52–53 ಮಿಲಿಮೀಟರ್ ಇರುತ್ತದೆ. ಹಳೆಯ ಗಿಟಾರುಗಳಲ್ಲಿ ಪಿಕಪ್ಪಿನ ಗುಂಡಿ ಎರಡಕ್ಕೂ ಹೊಂದದೇ ಇರಬಹುದು. ಆಗ ಮರ ಕೊರೆಯುವುದಕ್ಕಿಂತ ಹಳೆಯದನ್ನೇ ಮತ್ತೆ ಸುತ್ತಿಸುವುದು ಒಳ್ಳೆಯದು. ವಾಲ್ಯೂಮ್ ಪಾಟ್ ಸಹ ಪಿಕಪ್ಪಿಗೆ ತಕ್ಕದಾಗಿರಲಿ: ಸಿಂಗಲ್ ಕಾಯಿಲಿಗೆ ವಾಡಿಕೆಯಂತೆ 250 ಕಿಲೊ ಓಮ್, ಹಂಬಕ್ಕರಿಗೆ 500. ಹಂಬಕ್ಕರಿಗೆ 250ರ ಪಾಟ್ ಬಿಟ್ಟರೆ ಹೊಸ ಪಿಕಪ್ಪೂ ಹಳೆಯದರಂತೆ ಮಂಕಾಗಿ ಕೇಳುತ್ತದೆ.

ಬೀದರಿನ ಗೆಳೆಯರೊಬ್ಬರು ಪಿಕಪ್ಪಿಗೆ ಬಿದರಿ ಕುಸುರಿಯ ಮುಚ್ಚಳ ಮಾಡಿಸುವ ಆಸೆ ಹೇಳಿಕೊಂಡಿದ್ದರು. ಸುಂದರವಾದ ಆಸೆ. ಆದರೆ ಬಿದರಿಯ ಎರಕದಲ್ಲಿ ಹೆಚ್ಚಿನ ಪಾಲು ಸತು, ಉಳಿದದ್ದು ತಾಮ್ರ. ಅದು ಅಯಸ್ಕಾಂತಕ್ಕೆ ಅಂಟದಿದ್ದರೂ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಅಂಥ ಲೋಹದ ಮುಚ್ಚಳದಲ್ಲಿ ಸುಳಿಪ್ರವಾಹಗಳು, ಅಂದರೆ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹಗಳು, ಎದ್ದು ತಾರಸ್ವರಗಳನ್ನು ನುಂಗುತ್ತವೆ. ಹಿತ್ತಾಳೆಯ ಮುಚ್ಚಳದ ತೊಂದರೆಯೂ ಇದೇ. ಬಿದರಿಯ ಕುಸುರಿ ವಾಲ್ಯೂಮ್ ಗುಬ್ಬಿಗಳ ಮೇಲೆ ಬರಲಿ ಎಂದು ನಾನು ಅವರಿಗೆ ಹೇಳಿದೆ.

ಬೆಸುಗೆ ಹಾಕುವ ಮುನ್ನ ಒಂದು ಪರೀಕ್ಷೆ ಬಾಕಿಯಿದೆ. ಹೊಸದನ್ನೂ ಹಳೆಯದನ್ನೂ ಒಂದೊಂದಾಗಿ ಮೀಟರಿಗೆ ಜೋಡಿಸಿ, ಉಕ್ಕಿನ ಸ್ಕ್ರೂಡ್ರೈವರನ್ನು ಪಿಕಪ್ಪಿನ ಕಂಬಗಳಿಗೆ ತಾಗಿಸಿ. ಆ ಕ್ಷಣದಲ್ಲಿ ಅಂಕಿ ಎರಡರಲ್ಲೂ ಏರಬೇಕು ಅಥವಾ ಎರಡರಲ್ಲೂ ಇಳಿಯಬೇಕು. ಒಂದರಲ್ಲಿ ಏರಿ ಇನ್ನೊಂದರಲ್ಲಿ ಇಳಿದರೆ, ಎರಡನ್ನೂ ಒಟ್ಟಿಗೆ ನುಡಿಸಿದಾಗ ದನಿ ತೆಳುವಾಗಿ ಟೊಳ್ಳಾಗುತ್ತದೆ. ಆಗ ಒಂದರ ಎರಡು ವೈರುಗಳನ್ನು ಅದಲುಬದಲು ಮಾಡಬೇಕು. ಪಿಕಪ್ಪಿನ ಲೋಹದ ಮುಚ್ಚಳ ಆ ವೈರುಗಳಲ್ಲೊಂದಕ್ಕೆ ಸೇರಿದ್ದರೆ ಮುಚ್ಚಳದ ಆ ಜೋಡಣೆಯನ್ನು ಮೊದಲು ಬಿಡಿಸಿಕೊಳ್ಳಬೇಕು. ವೈರುಗಳ ಬಣ್ಣವನ್ನು ನಂಬಬೇಡಿ, ಒಬ್ಬೊಬ್ಬ ತಯಾರಕರದು ಒಂದೊಂದು ಪದ್ಧತಿ.

ತೆಗೆದ ಪಿಕಪ್ಪನ್ನು ಎಸೆಯಬೇಡಿ, ಅಂಗಡಿಯಲ್ಲೂ ಬಿಡಬೇಡಿ; ಯಾವ ವೈರು ಎಲ್ಲಿತ್ತೆಂದು ಬರೆದ ಚೀಟಿಯೊಂದಿಗೆ ಡಬ್ಬಿಯಲ್ಲಿಡಿ. ನನ್ನ ಗಿಟಾರಿನಿಂದ ತೆಗೆದದ್ದನ್ನು ನಾನು ಹಾಗೆ ಕೇಳಿ ಪಡೆದಿದ್ದೆ. ಎರಡು ವರ್ಷದ ಬಳಿಕ ಅದನ್ನು ಮೀಟರಿಗೆ ಹಿಡಿದಾಗ 7.2 ಕಿಲೊ ಓಮ್ ತೋರಿಸಿತು, ಸುರುಳಿ ನೆಟ್ಟಗಿತ್ತು. ದನಿ ಬಿಟ್ಟು ಬಿಟ್ಟು ಬರುತ್ತಿದ್ದದ್ದು ಸ್ವಿಚ್ಚಿನ ಒಂದು ಬೆಸುಗೆಯಿಂದ. ಆ ಬೆಸುಗೆಯನ್ನು ಸರಿಪಡಿಸಿ, ಹಳೆಯ ಪಿಕಪ್ಪನ್ನೇ ಮತ್ತೆ ಕೂರಿಸಿದೆ. ಇಂದಿಗೂ ವಚನಕ್ಕೆ ಸಾಥಿ ಕೊಡುವಾಗ ನಾನು ನುಡಿಸುವುದು ಅದರಲ್ಲೇ.

ನಮಸ್ಕಾರ.