ಉಗುರಿಗೂ ಆಪರೇಷನ್ನಾ?

ಕೇಳುಗರೇ, ನಮಸ್ಕಾರ. ಕಾಲಿನ ಹೆಬ್ಬೆರಳ ಉಗುರಿಗೆ ಆಪರೇಷನ್ ಮಾಡಿಸಿಕೊಂಡೆ ಅಂದರೆ ನಮ್ಮ ಧಾರವಾಡದಲ್ಲಿ ಜನ ಮೊದಲು ನಗುತ್ತಾರೆ. ಪಕ್ಕದ ಮನೆಯ ಕಾಕಾ ಅಂತೂ ನನ್ನ ಪಟ್ಟಿ ನೋಡಿದವರೇ, "ಯವ್ವಾ, ಉಗುರಿಲೆ ಹೋಗೂದಕ್ಕ ಕೊಡ್ಲಿ ಯಾಕ ಬೇಕಾತು?" ಅಂದುಬಿಟ್ಟರು. ಗಾದೆ ಚೆನ್ನಾಗಿದೆ. ಆದರೆ ಇಲ್ಲಿ ತಕರಾರು ಮಾಡಿದ್ದೇ ಉಗುರು, ಏನು ಮಾಡೋದು?

ಉಗುರಿನ ಅಂಚು ಪಕ್ಕದ ಮಾಂಸಕ್ಕೆ ಚುಚ್ಚಿಕೊಂಡು ಒಳಗೊಳಗೇ ಬೆಳೆಯುತ್ತದೆ. ಮೊದಲು ಕೆಂಪಾಗುತ್ತದೆ, ಆಮೇಲೆ ಬಾವು, ಆಮೇಲೆ ಕೀವು. ರಾತ್ರಿ ಹೊದ್ದ ಕೌದಿ ತಾಗಿದರೂ ಜೀವ ಹೋದಂತಾಗುತ್ತದೆ. ಚಿಗರಿ ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರಂತೂ ಮುಗೀತು, ನವಲೂರಿನಿಂದ ಹುಬ್ಬಳ್ಳಿವರೆಗೂ ಅದೊಂದೇ ಧ್ಯಾನ.

ನಮ್ಮಲ್ಲಿ ಇದಕ್ಕೆ ಮನೆಮದ್ದು ಗೊತ್ತೇ ಇದೆಯಲ್ಲ, ಲಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸುವುದು. ತಂಪು ಅನಿಸಬಹುದು. ಆದರೆ ಮಾಂಸದೊಳಗೆ ಸಿಕ್ಕಿಕೊಂಡ ಉಗುರು ಲಿಂಬೆಹಣ್ಣಿಗೆ ಹೆದರಿ ಹೊರಗೆ ಬರುವುದಿಲ್ಲ. ಔಷಧಿ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವವರೂ ಇದ್ದಾರೆ. ಕೀವು ಇಳಿಯುತ್ತದೆ, ಮಾತ್ರೆ ಮುಗಿದ ಮೇಲೆ ಮತ್ತೆ ಬರುತ್ತದೆ. ಮುಳ್ಳು ಒಳಗೇ ಇಟ್ಟುಕೊಂಡು ಮೇಲೆ ಮುಲಾಮು ಹಚ್ಚಿದ ಹಾಗೆ.

ಹಾಗಂತ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಶುರುವಿನಲ್ಲೇ ತೋರಿಸಿದರೆ ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಉಗುರಿನ ಮೂಲೆಯ ಕೆಳಗೆ ಒಂದೆಳೆ ಹತ್ತಿ ಇಟ್ಟು, ಅಗಲದ ಚಪ್ಪಲಿ ಹಾಕಿಕೊಳ್ಳಲು ಹೇಳುತ್ತಾರೆ. ಎಷ್ಟೋ ಜನರಿಗೆ ಅಷ್ಟರಲ್ಲೇ ಗುಣ. ಮತ್ತೆ ಮತ್ತೆ ಕೀವು ಬಂದರೆ, ಪಕ್ಕದಲ್ಲಿ ಕೆಂಪು ಮಾಂಸ ಉಬ್ಬಿ ಬೆಳೆದರೆ, ಆಗ ಕತ್ತರಿಸುವ ಮಾತು.

ನಿಜವಾಗಿ ನೋಯುವುದು ಒಂದೇ, ಇಂಜೆಕ್ಷನ್. ಬೆರಳಿನ ಬುಡದಲ್ಲಿ ಎರಡೂ ಕಡೆ ಲಿಗ್ನೊಕೇನ್ ಅನ್ನುವ ಮರಗಟ್ಟಿಸುವ ಔಷಧಿ ಚುಚ್ಚುತ್ತಾರೆ. ಸುಳ್ಳು ಯಾಕೆ ಹೇಳಲಿ, ಆಗ ಮಂಚದ ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಬೆರಳು ಯಾರದ್ದೋ ಅನ್ನುವಷ್ಟು ಮರಗಟ್ಟಿತು. ರಕ್ತ ಬರದಂತೆ ಬುಡಕ್ಕೆ ರಬ್ಬರ್ ಬಿಗಿದು, ಉಗುರನ್ನು ಪೂರ್ತಿ ಕೀಳದೆ ಚುಚ್ಚುತ್ತಿದ್ದ ಅಂಚನ್ನು ಮಾತ್ರ ಉದ್ದಕ್ಕೆ ಸೀಳಿ ಬೇರುಸಮೇತ ತೆಗೆದರು. ಎಳೆದದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಆಮೇಲೆ ಆಸ್ಪತ್ರೆಯ ಹಳೇ ವಾಸನೆ ಬಂತು. ಏನದು ಅಂತ ಕೇಳಿದರೆ ಫಿನಾಲ್ ಅಂದರು. ಹಿಂದೆ ಅದನ್ನೇ ಕಾರ್ಬಾಲಿಕ್ ಆ್ಯಸಿಡ್ ಅನ್ನುತ್ತಿದ್ದರು. 1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಗಾಯ ಕೊಳೆಯದಂತೆ ಪಟ್ಟಿಗೆ ಹಾಕಿದ್ದು ಇದನ್ನೇ. ಇಲ್ಲಿ ಅದರ ಕೆಲಸ ಬೇರೆ. ತೆಗೆದ ಅಂಚಿನ ಬುಡದಲ್ಲಿ ಉಗುರು ಹುಟ್ಟಿಸುವ ಭಾಗವನ್ನು ಸುಡುತ್ತದೆ. ಇದು ಮಾಡದೆ ಸುಮ್ನೆ ಕಿತ್ತರೆ ಉಗುರು ಮತ್ತೆ ಬೆಳೆದು ಮತ್ತೆ ಚುಚ್ಚುವ ಸಾಧ್ಯತೆ ಜಾಸ್ತಿ. "ಒಮ್ಮೆ ಕೀಳಿಸಿದ್ದೆ, ಮತ್ತೆ ಬಂತು" ಅನ್ನುವವರು ಡಾಕ್ಟರಿಗೆ ಇದನ್ನೊಂದು ಕೇಳಿ ನೋಡಿ.

ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಆದರೆ ಸ್ಕೂಟಿ ಓಡಿಸಿಕೊಂಡು ಬರುವ ಶೂರತನ ಬೇಡ, ಆಟೋ ಹಿಡಿಯಿರಿ. ಒಂದೆರಡು ತಾಸಿಗೆ ಮರಗಟ್ಟಿದ್ದು ಬಿಡುತ್ತದೆ, ಅದಕ್ಕೆ ಮೊದಲೇ ನೋವಿನ ಮಾತ್ರೆ ನುಂಗಿ, ಕಾಲ ಕೆಳಗೆ ದಿಂಬಿಟ್ಟು ಮಲಗಬೇಕು. ಫಿನಾಲ್ ಹಾಕಿದ ಗಾಯ ಎರಡರಿಂದ ನಾಲ್ಕು ವಾರ ನೀರಾಡುತ್ತದೆ. ಹಳದಿ ನೀರು ನೋಡಿ ಕೀವು ಅಂದುಕೊಂಡು ಗಾಬರಿಯಾಗಬೇಡಿ. ಕೆಂಪು ಮೇಲೆ ಮೇಲೆ ಹರಡಿದರೆ, ನೋವು ಕಡಿಮೆಯಾಗುವ ಬದಲು ಏರಿದರೆ, ಜ್ವರ ಬಂದರೆ ಮಾತ್ರ ತಡಮಾಡದೆ ಹೋಗಿ. ಹೊಲಕ್ಕೆ ಹೋಗುವವರಿಗೆ ಕಷ್ಟ ಇರುವುದು ಇಲ್ಲೇ. ಮಳೆಗಾಲದಲ್ಲಿ ನವಲಗುಂದದ ಕಡೆಯ ಎರೆ ಮಣ್ಣು ಪಟ್ಟಿಯನ್ನೇನು, ಚಪ್ಪಲಿಯನ್ನೇ ಬಿಡುವುದಿಲ್ಲ. ಆಗುವುದಾದರೆ ಬಿತ್ತನೆ ಗಡಿಬಿಡಿ ಮುಗಿಸಿಕೊಂಡೇ ದಿನ ಕೇಳಿ, ಆದರೆ ಕೀವು ಇದ್ದರೆ ಕಾಯಬೇಡಿ.

ಶುಗರ್ ಇದ್ದವರಿಗೆ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಕಟ್ಟೆಯ ಮೇಲೆ ಕೂತು ಬ್ಲೇಡಿನಿಂದ ಉಗುರಿನ ಮೂಲೆ ಕೆದಕಬೇಡಿ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಕೊಯ್ದದ್ದೂ ತಿಳಿಯುವುದಿಲ್ಲ, ರಕ್ತ ಸರಿಯಾಗಿ ಹರಿಯದಿದ್ದರೆ ಸಣ್ಣ ಗಾಯವೂ ಮಾಯುವುದಿಲ್ಲ. ಆಪರೇಷನ್‌ಗೆ ಮೊದಲು ಡಾಕ್ಟರು ಕೇಳದಿದ್ದರೂ ಶುಗರ್ ಇದೆ ಅಂತ ನೀವೇ ಹೇಳಿ.

ಇನ್ನು ಉಗುರು ಕತ್ತರಿಸುವುದು. ಕೈ ಉಗುರಿನ ಹಾಗೆ ಕಾಲಿನದನ್ನು ದುಂಡಗೆ ಕತ್ತರಿಸುತ್ತೇವಲ್ಲ, ತೊಂದರೆ ಎಷ್ಟೋ ಸಲ ಅಲ್ಲಿಂದಲೇ ಶುರು. ನೇರಕ್ಕೆ ಕತ್ತರಿಸಿ, ಮೂಲೆ ಬಿಡಿ, ತೀರಾ ಗಿಡ್ಡ ಮಾಡಬೇಡಿ. ಸ್ನಾನವಾದ ಮೇಲೆ ಉಗುರು ಮೆತ್ತಗಿರುತ್ತದೆ, ಆಗ ಸುಲಭ. ಮಕ್ಕಳ ಶಾಲೆಯ ಬೂಟು ಹೋದ ವರ್ಷದ್ದೇ ನಡೆಯುತ್ತೆ ಅಂತ ತುರುಕುವ ಮೊದಲು ಹಾಕಿಸಿ ನಿಲ್ಲಿಸಿ ನೋಡಿ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇಲ್ಲದಿದ್ದರೆ ಹೊಸದು ಕೊಡಿಸಿ. ಕೊಳ್ಳಲು ಸಂಜೆ ಹೊತ್ತೇ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ನಮಸ್ಕಾರ.